ಪಾದರಸದ ಮೂರು ಮಿಲಿಮೀಟರ್

2017ರ ನವೆಂಬರ್ 13ರ ಬೆಳಿಗ್ಗೆ ಅಮೆರಿಕದ ಸುಮಾರು 3 ಕೋಟಿ 11 ಲಕ್ಷ ಜನ ಬಿ.ಪಿ. ಇಲ್ಲದವರಾಗಿ ಎದ್ದರು. ಸಂಜೆಯ ಹೊತ್ತಿಗೆ ಅಷ್ಟೂ ಜನರಿಗೆ ಬಿ.ಪಿ. ಇತ್ತು. ಅವರ ಮೈಯಲ್ಲಿ ಏನೂ ಬದಲಾಗಿರಲಿಲ್ಲ. ಅಲ್ಲಿನ ಹೃದ್ರೋಗ ತಜ್ಞರ ಸಂಘಗಳು ಸೇರಿ ಅಧಿಕ ರಕ್ತದೊತ್ತಡದ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದ್ದವು, ಅಷ್ಟೇ. ದೇಶದ ವಯಸ್ಕರಲ್ಲಿ ನೂರಕ್ಕೆ 32 ಇದ್ದ ರೋಗಿಗಳ ಪಾಲು ಒಂದೇ ದಿನದಲ್ಲಿ 46ಕ್ಕೆ ಏರಿತು. ಯಾವ ಸಾಂಕ್ರಾಮಿಕವೂ ಇಷ್ಟು ಬೇಗ ಹಬ್ಬಿದ್ದಿಲ್ಲ.

ಹೊಸದಾಗಿ ರೋಗಿಗಳೆನಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಮಾತ್ರೆ ಬೇಕಿರಲಿಲ್ಲ. ಊಟ, ನಡಿಗೆ, ತೂಕ ನೋಡಿಕೊಳ್ಳಿ ಎಂದರೆ ಸಾಕಿತ್ತು. ಮಾತ್ರೆ ಬೇಕಾದವರ ಸಂಖ್ಯೆ ಏರಿದ್ದು ಸುಮಾರು 42 ಲಕ್ಷ. 'ಮಾತ್ರ 42 ಲಕ್ಷ' ಎಂದು ಬರೆಯಲು ಹೊರಟು ಕೈ ತಡೆದೆ. ರಕ್ತದೊತ್ತಡದ ಲೆಕ್ಕಗಳನ್ನು ಓದುತ್ತಾ ಹೋದರೆ ಲಕ್ಷಗಳು ಚಿಲ್ಲರೆಯಾಗಿ ಕಾಣತೊಡಗುತ್ತವೆ. ಈ ಕೋಟಿಗಳನ್ನೆಲ್ಲ ಆಚೀಚೆ ದೂಡುವುದು ಹತ್ತು, ಆರು, ಮೂರು ಮಿಲಿಮೀಟರುಗಳು ಎಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಈ ಮಿಲಿಮೀಟರ್ ಪಾದರಸದ್ದು. ರಕ್ತನಾಳದೊಳಗಿನ ಒತ್ತಡ ಪಾದರಸದ ಕಂಬವನ್ನು ಎಷ್ಟು ಎತ್ತರಕ್ಕೆ ಎತ್ತಿ ಹಿಡಿಯಬಲ್ಲದು ಎಂಬುದೇ ಆ ಅಂಕಿ. ಪಾದರಸ ಬಲು ಭಾರ, ರಕ್ತಕ್ಕಿಂತ ಹದಿಮೂರು ಪಟ್ಟು ಹತ್ತಿರ. ಹಾಗಾಗಿ 120 ಮಿಲಿಮೀಟರ್ ಪಾದರಸ ಎಂದರೆ ಸುಮಾರು ಒಂದೂವರೆ ಮೀಟರ್ ಎತ್ತರದ ರಕ್ತದ ಕಂಬ. 180 ಆದರೆ 2.3 ಮೀಟರ್, ಎತ್ತರದ ಆಳಿನ ತಲೆಗಿಂತಲೂ ಮೇಲೆ. ಹೃದಯ ಈ ಎತ್ತರದ ಎದುರು ದಿನಕ್ಕೆ ಒಂದು ಲಕ್ಷ ಸಲ ತಳ್ಳುತ್ತದೆ. ನಿಮಿಷಕ್ಕೆ ಐದು ಲೀಟರಿನಂತೆ ದಿನಕ್ಕೆ 7,200 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ ಸಣ್ಣ ನೀರಿನ ಟ್ಯಾಂಕರು ಹಿಡಿಸುವುದು 6,000.

ಈ ಒತ್ತಡವನ್ನು ಮೊದಲು ಕಣ್ಣಾರೆ ಅಳೆದವರು ವೈದ್ಯರಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಒಂದು ಹೆಣ್ಣು ಕುದುರೆಯನ್ನು ಅಂಗಾತ ಮಲಗಿಸಿ ಕಟ್ಟಿ, ತೊಡೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ 8 ಅಡಿ 3 ಅಂಗುಲ ಏರಿ ನಿಂತಿತು. ಈ ಪ್ರಯೋಗವನ್ನು ಅವರು 1733ರಲ್ಲಿ ಪ್ರಕಟಿಸಿದರು. ಇಂದಿನ ಲೆಕ್ಕದಲ್ಲಿ ಅದು ಸುಮಾರು 195 ಮಿಲಿಮೀಟರ್ ಪಾದರಸ. ಕಟ್ಟಿಹಾಕಿದ ಪ್ರಾಣಿಯ ಒತ್ತಡ ಏರದೆ ಇನ್ನೇನಾದೀತು? ಡಾಕ್ಟರ ಬಿಳಿ ಕೋಟು ಕಂಡೊಡನೆ ಬಿ.ಪಿ. ಏರುವವರು ಈಗ ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ಅವರೆಲ್ಲರಿಗೂ ಹಿರಿಯಳು ಆ ಕುದುರೆ.

ಆಮೇಲಿನ ಇನ್ನೂರು ವರ್ಷ ಈ ಅಂಕಿಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ವಯಸ್ಸಾದಂತೆ ನಾಳಗಳು ಗಡುಸಾಗುತ್ತವೆ, ರಕ್ತ ಹರಿಯಲು ಹೆಚ್ಚು ಒತ್ತಡ ಬೇಕು, ಅದನ್ನು ಇಳಿಸಿದರೆ ಅಪಾಯ ಎಂದು ನಂಬಿದ್ದ ದೊಡ್ಡ ದೊಡ್ಡ ವೈದ್ಯರಿದ್ದರು. ಅಮೆರಿಕದ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡ 1944ರ ಮಾರ್ಚಿನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು, ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ಕುಸಿದಾಗ, 300/190. ಜಗತ್ತಿನ ಅತ್ಯಂತ ಬಲಿಷ್ಠ ಮನುಷ್ಯನಿಗೆ ಅಂದು ಸಿಕ್ಕ ಚಿಕಿತ್ಸೆ ಉಪ್ಪು ಕಡಿಮೆ ಮಾಡಿದ ಊಟ, ವಿಶ್ರಾಂತಿ, ಹೃದಯಕ್ಕೆ ಡಿಜಿಟಾಲಿಸ್, ನಿದ್ದೆಗೆ ಫಿನೋಬಾರ್ಬಿಟಾಲ್. ಇಂದು ನಮ್ಮ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕಾದ, ಬಿ.ಪಿ. ಇಳಿಸುವ ಆಮ್ಲೋಡಿಪಿನ್ ಮಾತ್ರೆ ಅವರ ಕಾಲಕ್ಕೆ ಹುಟ್ಟಿರಲಿಲ್ಲ.

ಮಾತ್ರೆಯಿಂದ ಜೀವ ಉಳಿಯುತ್ತದೆ ಎಂದು ಗಟ್ಟಿಯಾಗಿ ತೋರಿಸಿದ ಪ್ರಯೋಗ ತೀರ ಸಣ್ಣದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಮತ್ತು ಸಂಗಡಿಗರು ನಡೆಸಿ 1967ರಲ್ಲಿ ಪ್ರಕಟಿಸಿದ್ದು. ಇದ್ದವರು 143 ಜನ. ಕೆಳಗಿನ ಅಂಕಿಯೇ 115ರಿಂದ 129ರವರೆಗೆ ಇದ್ದವರು. ಬರೀ ಸಕ್ಕರೆ ಗುಳಿಗೆ ನುಂಗಿದ 70 ಜನರಲ್ಲಿ 27 ಮಂದಿಗೆ ಗಂಭೀರ ತೊಂದರೆಯಾಯಿತು. ಔಷಧ ನುಂಗಿದ 73 ಜನರಲ್ಲಿ ಇಬ್ಬರಿಗೆ. ಎರಡು ವರ್ಷವೂ ತುಂಬಿರಲಿಲ್ಲ. ಇಪ್ಪತ್ತೇಳು ಮತ್ತು ಎರಡನ್ನು ಅಕ್ಕಪಕ್ಕ ಇಟ್ಟ ಮೇಲೆ ಸಂಖ್ಯಾಶಾಸ್ತ್ರದ ಹಂಗು ಬೇಕಾಗಲಿಲ್ಲ.

ಮುಂದಿನ ಪ್ರಶ್ನೆಗಳಿಗೆ ಹೀಗೆ ಕೈಬೆರಳೆಣಿಕೆಯಲ್ಲಿ ಉತ್ತರ ಸಿಗಲಿಲ್ಲ. ಕೆಳಗಿನ ಅಂಕಿ 120 ಇರುವವರನ್ನು ಉಳಿಸಬೇಕೆಂಬುದು ಸರಿ. ಮೇಲಿನ ಅಂಕಿ 138 ಇದ್ದು, ಏನೂ ಕಾಯಿಲೆಯಿಲ್ಲದೆ ಗದ್ದೆಗೆ ಹೋಗಿ ಬರುವವರ ಕಥೆ? ನಮ್ಮಲ್ಲಿ ಯಾರಾದರೂ ಸಿಟ್ಟಾದರೆ 'ಬಿ.ಪಿ. ರೈಸ್ ಆಯ್ತು' ಅನ್ನುತ್ತೇವೆ. ನಿಜವಾದ ಬಿ.ಪಿ. ಹಾಗೆ ಕೂಗಿ ಹೇಳುವುದಿಲ್ಲ. ಅದರ ಕೆಲಸ ಕಾಣಬೇಕಾದರೆ ಜನಸಾಗರವನ್ನೇ ಎಣಿಸಬೇಕು. 2002ರಲ್ಲಿ 61 ಅಧ್ಯಯನಗಳನ್ನು ಕೂಡಿಸಿ ಹತ್ತು ಲಕ್ಷ ಜನರನ್ನು ಎಣಿಸಿದರು. ಅವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗೆ ಸತ್ತವರೇ 56,000. ಕಂಡದ್ದು ಇದು: 40ರಿಂದ 69ರ ವಯಸ್ಸಿನಲ್ಲಿ, 115ರಿಂದ ಆಚೆಗೆ ಮೇಲಿನ ಅಂಕಿ 20 ಏರಿದಾಗಲೆಲ್ಲ ಲಕ್ವ ಮತ್ತು ಹೃದ್ರೋಗದ ಸಾವು ಇಮ್ಮಡಿಯಾಗುತ್ತದೆ. 115ಕ್ಕೆ ಒಂದಿದ್ದ ಅಪಾಯ 135ಕ್ಕೆ ಎರಡು, 155ಕ್ಕೆ ನಾಲ್ಕು, 175ಕ್ಕೆ ಎಂಟು. ನಡುವೆ ಎಲ್ಲೂ ಮೆಟ್ಟಿಲಿಲ್ಲ, ಬರೀ ಇಳಿಜಾರು. 140 ಎಂಬ ಗೆರೆಯನ್ನು ಪ್ರಕೃತಿ ಎಳೆದಿಲ್ಲ. ನಾವು ಎಳೆದದ್ದು, ಮತ್ತು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಕೋಟಿಗಳು ಆಚೀಚೆ ಆಗುತ್ತವೆ.

ಅಮೆರಿಕ ಗೆರೆ ಇಳಿಸಲು ಮುಖ್ಯ ಕಾರಣ 2015ರ ಸ್ಪ್ರಿಂಟ್ ಪ್ರಯೋಗ. 9,361 ಜನರಲ್ಲಿ ಅರ್ಧದಷ್ಟು ಮಂದಿಗೆ 140ರ ಗುರಿ, ಉಳಿದವರಿಗೆ 120ರ ಗುರಿ. ಮೂರು ವರ್ಷ ದಾಟುತ್ತಿದ್ದಂತೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಮೊದಲ ಗುಂಪಿನಲ್ಲಿ 210 ಸಾವು, ಎರಡನೆಯದರಲ್ಲಿ 155. ಪತ್ರಿಕೆಗಳು ಇದನ್ನು ಸಾವು ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು ಎಂದು ಬರೆದವು. ಸುಳ್ಳಲ್ಲ. ಅದೇ ಪ್ರಯೋಗದ ಫಲಿತಾಂಶವನ್ನು ಹೀಗೂ ಹೇಳಬಹುದು: ಒಬ್ಬರಿಗೆ ಹೃದಯಾಘಾತ, ಲಕ್ವ, ಹೃದಯ ವೈಫಲ್ಯದಂಥದ್ದು ಆಗದಂತೆ ತಪ್ಪಿಸಲು 61 ಜನ ಮೂರು ವರ್ಷಕ್ಕೂ ಮೇಲ್ಪಟ್ಟು ಸರಾಸರಿ ಒಂದು ಹೆಚ್ಚಿನ ಔಷಧ ನುಂಗಬೇಕು. ಮಿಕ್ಕ ಅರವತ್ತು ಜನರಲ್ಲಿ ಕೆಲವರಿಗೆ ತಲೆ ಸುತ್ತಿ ಬೀಳುವುದು, ಮೂತ್ರಪಿಂಡಕ್ಕೆ ಪೆಟ್ಟು. ಎರಡು ಹೇಳಿಕೆಯೂ ಒಂದೇ ಕಾಗದದಿಂದ ಬಂದವು. ಯಾವುದನ್ನು ರೋಗಿಯ ಮುಂದೆ ಹೇಳುತ್ತೀರಿ ಎಂಬುದರಲ್ಲಿ ಅರ್ಧ ವೈದ್ಯಕೀಯ ಮುಗಿದುಹೋಗುತ್ತದೆ.

ಲಂಡನ್ನಿನ ಜೆಫ್ರಿ ರೋಸ್ 1985ರಲ್ಲೇ ಈ ತೊಡಕನ್ನು ಹಿಡಿದಿದ್ದರು. ಅವರ ಮಾತನ್ನು ನಮ್ಮದೇ ಒಂದು ಕಾಲ್ಪನಿಕ ಲೆಕ್ಕದಲ್ಲಿ ಇಡುತ್ತೇನೆ. ಒಂದು ಲಕ್ಷ ಜನರ ಒಂದು ಪಟ್ಟಣ. ಅದರಲ್ಲಿ ಹತ್ತು ಸಾವಿರ ಜನಕ್ಕೆ ಒತ್ತಡ ಬಹಳ. ನೂರಕ್ಕೆ ನಾಲ್ಕು ಜನಕ್ಕೆ ಲಕ್ವ ಹೊಡೆಯುತ್ತದೆ, ಅಂದರೆ 400. ಉಳಿದ ತೊಂಬತ್ತು ಸಾವಿರ ಜನರದ್ದು ಸುಮಾರಾದ ಒತ್ತಡ. ನೂರಕ್ಕೆ ಒಬ್ಬರು, ಅಂದರೆ 900. ಹೆಚ್ಚು ಲಕ್ವ ಬಂದದ್ದು ಕಡಿಮೆ ಅಪಾಯದವರ ಕೇರಿಯಿಂದ! ಡಾಕ್ಟರು ಹತ್ತು ಸಾವಿರ ಜನರನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ದೊಡ್ಡ ರಾಶಿ ಅವರ ಬಾಗಿಲಿಗೆ ಬರುವುದೇ ಇಲ್ಲ. ಇಡೀ ಊರಿನ ಒತ್ತಡವನ್ನು ಒಂದೆರಡು ಮಿಲಿಮೀಟರ್ ಕೆಳಗೆ ಜಾರಿಸಬಹುದಾದರೆ?

ಅದಕ್ಕೆ ಹತ್ತಿರದ್ದೊಂದನ್ನು ಚೀನಾದಲ್ಲಿ ಮಾಡಿ ನೋಡಿದರು. ಇತ್ತೀಚಿನ ವೈದ್ಯಕೀಯ ಪ್ರಯೋಗಗಳಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಇದೇ. 600 ಹಳ್ಳಿ, 20,995 ಜನ, ಹತ್ತಿರಹತ್ತಿರ ಐದು ವರ್ಷ. ಹೆಚ್ಚಿನವರು ಹಿಂದೊಮ್ಮೆ ಲಕ್ವ ಹೊಡೆದವರು. ಉಳಿದವರು ಅರವತ್ತು ದಾಟಿದ, ಒತ್ತಡ ಹೆಚ್ಚಿದ್ದವರು. ಅರ್ಧ ಹಳ್ಳಿಗಳಿಗೆ ಉಪ್ಪಿನ ಡಬ್ಬಿ ಬದಲಿಸಿ ಕೊಟ್ಟರು: ಮುಕ್ಕಾಲು ಪಾಲು ನಮ್ಮ ಮಾಮೂಲಿ ಸೋಡಿಯಂ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಉಪ್ಪು. ಅದರಿಂದ ಒತ್ತಡ ಇಳಿದದ್ದು ಸರಾಸರಿ 3.34 ಮಿಲಿಮೀಟರ್. ಆಸ್ಪತ್ರೆಯಲ್ಲಿ ಯಾರಿಗಾದರೂ ಬಿ.ಪಿ. ಮೂರು ಪಾಯಿಂಟ್ ಇಳಿದಿದೆ ಎಂದರೆ ಡಾಕ್ಟರು ತಲೆ ಎತ್ತಿಯೂ ನೋಡುವುದಿಲ್ಲ. ಮೆಟ್ಟಿಲು ಹತ್ತಿ ಬಂದರೆ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಆದರೂ ಆ ಹಳ್ಳಿಗಳಲ್ಲಿ ಲಕ್ವ ನೂರಕ್ಕೆ 14ರಷ್ಟು, ಸಾವು ನೂರಕ್ಕೆ 12ರಷ್ಟು ಕಡಿಮೆಯಾಯಿತು. ಒಂದು ಸಾವಿರ ಜನರಿಗೆ ವರ್ಷಕ್ಕೆ ಐದು ಸಾವು ಕಡಿಮೆ, ಬರೀ ಸಾರಿನ ಉಪ್ಪು ಬದಲಿಸಿ.

ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದವರು ನಾವು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಇಲ್ಲದ ಊಟವನ್ನು ಪಥ್ಯ ಅನ್ನುತ್ತೇವೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರು ದಿನಕ್ಕೆ ತಿನ್ನುವ ಉಪ್ಪು ಸರಾಸರಿ 8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5ರೊಳಗೆ ಇರಲಿ ಎಂದು. ಹೆಚ್ಚಾದದ್ದು ಮೂರು ಗ್ರಾಂ, ಅರ್ಧ ಚಮಚೆ. ವಯಸ್ಕರು 90 ಕೋಟಿ ಎಂದು ಹಿಡಿದರೂ ದಿನಕ್ಕೆ 27 ಲಕ್ಷ ಕಿಲೋ. ಹತ್ತು ಟನ್ನಿನ 270 ಲಾರಿ ತುಂಬ ಉಪ್ಪು ಪ್ರತಿದಿನ ನಮ್ಮ ಹೊಟ್ಟೆಗಳಲ್ಲಿ ಅನಗತ್ಯವಾಗಿ ಇಳಿಯುತ್ತಿದೆ.

ಹಾಗಾದರೆ ನಾಳೆಯೇ ಎಲ್ಲರ ಉಪ್ಪು ಬದಲಿಸಿಬಿಡೋಣವೆ? ಪೊಟ್ಯಾಸಿಯಂ ಮೂತ್ರಪಿಂಡ ಕೆಟ್ಟವರಿಗೆ ಅಪಾಯ; ಹೃದಯದ ಬಡಿತವೇ ತಪ್ಪಬಹುದು. ಕೆಲವು ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿಗೆ ಒಪ್ಪಿಗೆ ಕೊಟ್ಟಾಗಲೂ ಗರ್ಭಿಣಿಯರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟಿತು. ತನ್ನ ಮೂತ್ರಪಿಂಡ ಹೇಗಿದೆಯೆಂದು ಒಮ್ಮೆಯೂ ಪರೀಕ್ಷಿಸಿಕೊಳ್ಳದವರೇ ಬಹುಪಾಲು ಇರುವ ದೇಶದಲ್ಲಿ ಆ ಪಟ್ಟಿ ಮಾಡುವವರು ಯಾರು? ಸರಾಸರಿಗೆ ಒಳ್ಳೆಯದಾದದ್ದು ಎದುರುಮನೆಯವರಿಗೆ ವಿಷವಾಗಬಹುದು ಎಂಬಲ್ಲಿ ರೋಸ್ ಅವರ ಲೆಕ್ಕಕ್ಕೂ ತಡೆ ಬೀಳುತ್ತದೆ.

ಇನ್ನೊಂದು ಪ್ರಯೋಗ ನನಗೆ ನಗು ತರಿಸಿತು, ಆಮೇಲೆ ಭಯ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 133 ಜನರನ್ನು ಕೂರಿಸಿ ತೋಳಿನ ಭಂಗಿ ಬದಲಿಸುತ್ತಾ ಬಿ.ಪಿ. ನೋಡಿದರು, 2024ರಲ್ಲಿ ಪ್ರಕಟಿಸಿದರು. ತೋಳು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿ ಇದ್ದದ್ದಕ್ಕಿಂತ, ತೊಡೆಯ ಮೇಲಿದ್ದಾಗ ಮೇಲಿನ ಅಂಕಿ 3.9 ಹೆಚ್ಚು. ಪಕ್ಕಕ್ಕೆ ಜೋತುಬಿಟ್ಟಾಗ 6.5 ಹೆಚ್ಚು. ಐದು ವರ್ಷ ಉಪ್ಪು ಬದಲಿಸಿ ಗಳಿಸಿದ್ದರ ಇಮ್ಮಡಿ, ಬರೀ ಮೇಜಿಲ್ಲದ ಕಾರಣಕ್ಕೆ! ಸ್ಪ್ರಿಂಟ್ ಪ್ರಯೋಗದಲ್ಲಿ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದಿದ್ದರು. ಅಲ್ಲಿನ 120ನ್ನು ತಂದು, ಟೋಕನ್ ಹಿಡಿದು ನಿಂತು ಬಂದವರ ತೋಳಿಗೆ ಸ್ಟೂಲಿನ ಪಕ್ಕದಲ್ಲೇ ಪಟ್ಟಿ ಸುತ್ತುವ ನಮ್ಮ ಹೊರರೋಗಿ ವಿಭಾಗದಲ್ಲಿ ಗುರಿ ಇಟ್ಟರೆ, ಎಷ್ಟು ಜನ ಇಲ್ಲದ ರೋಗಕ್ಕೆ ಮಾತ್ರೆ ನುಂಗಬೇಕಾದೀತು?

ಆ ಐದು ನಿಮಿಷಕ್ಕೆ ಬೆಲೆ ಕಟ್ಟಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಲ್ಲಿ ದೇಶದ ಉದ್ದಗಲಕ್ಕೆ 1,13,043 ಜನರನ್ನು ಪರೀಕ್ಷಿಸಿದ ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜು: 140/90ರ ಹಳೆಯ ಗೆರೆಯಲ್ಲೇ ಭಾರತದಲ್ಲಿ 31.5 ಕೋಟಿ ಜನಕ್ಕೆ ಅಧಿಕ ರಕ್ತದೊತ್ತಡ. ಅದೇ ವರ್ಷ ಕೇಂದ್ರ ಸರ್ಕಾರ ಇಟ್ಟುಕೊಂಡ ಗುರಿ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಸೇರಿ 7.5 ಕೋಟಿ ಜನರನ್ನು 2025ರೊಳಗೆ ಚಿಕಿತ್ಸೆಗೆ ತರುವುದು. ಆ ಗುರಿಯ ಮಾತು ಪಕ್ಕಕ್ಕಿರಲಿ. 31.5 ಕೋಟಿ ಜನರನ್ನೂ ಒಮ್ಮೆ ಸರಿಯಾಗಿ ಕೂರಿಸಿ, ಕಾದು, ಮೂರು ಸಲ ಅಳೆಯಲು ತಲಾ ಹತ್ತು ನಿಮಿಷ ಎಂದರೆ 5.25 ಕೋಟಿ ಗಂಟೆ. ತಿಂಗಳಿಗೊಮ್ಮೆ ಅಳೆಯಬೇಕಾದರೆ, ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಬೇರೇನೂ ಮಾಡದ 2,62,500 ಜನ ಬೇಕು. ಡಾಕ್ಟರಿಂದ ಇದು ಸಾಗುವ ಮಾತಲ್ಲ.

ಡಾಕ್ಟರೇ ಬೇಕೆಂದೂ ಇಲ್ಲ. ಚೀನಾದ 326 ಹಳ್ಳಿಗಳ 33,995 ಜನರ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧ ಊರುಗಳ ಬಿ.ಪಿ.ಯನ್ನು ನೋಡಿಕೊಂಡವರು ವೈದ್ಯಕೀಯ ಪದವಿಯಿಲ್ಲದ ಹಳ್ಳಿ ವೈದ್ಯರು. ಅವರ ಕೈಗೆ ಒಂದು ಸರಳ ಔಷಧಪಟ್ಟಿ, ಜನರ ಕೈಗೆ ಒಂದು ಯಂತ್ರ. ಒಂದೂವರೆ ವರ್ಷದಲ್ಲಿ ಅವರ ಕಡೆ ನೂರಕ್ಕೆ 57 ಜನರ ಒತ್ತಡ 130/80ರ ಕೆಳಗೆ ಬಂತು, ಮಾಮೂಲಿ ಚಿಕಿತ್ಸೆಯ ಊರುಗಳಲ್ಲಿ ಸುಮಾರು 20. ಮೂರು ವರ್ಷಕ್ಕೆ ಹೃದಯಾಘಾತ, ಲಕ್ವ ಮುಂತಾದವು ಒಟ್ಟಾರೆ ಮೂರರಲ್ಲಿ ಒಂದು ಪಾಲು ಕಡಿಮೆ. ಔಷಧ ಯಾವುದೆಂಬ ಗೊಂದಲವೂ ನಮ್ಮಲ್ಲಿ ಬಹುಮಟ್ಟಿಗೆ ತೀರಿದೆ: ದೇಶದ 32 ಆಸ್ಪತ್ರೆಗಳ 1,981 ಜನರಲ್ಲಿ ಎರಡೆರಡು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಕೊಟ್ಟು ನೋಡಿದ ಟಾಪ್‌ಸ್ಪಿನ್ ಪ್ರಯೋಗದಲ್ಲಿ ಮೂರು ಜೋಡಿಗಳೂ ಸರಿಸಮ, ಸುಮಾರು ನೂರಕ್ಕೆ 70 ಜನ ಹತೋಟಿಗೆ.

ಆ ಹಳ್ಳಿ ವೈದ್ಯರ ಕೆಲಸಕ್ಕೆ ಭಾರತದಲ್ಲಿ ಇರುವವರು ಮನೆಮನೆಗೆ ಹೋಗುವ ಆಶಾ ಆರೋಗ್ಯ ಕಾರ್ಯಕರ್ತೆಯರು, ಸುಮಾರು ಹತ್ತು ಲಕ್ಷ. 31.5 ಕೋಟಿಯನ್ನು ಹಂಚಿದರೆ ಒಬ್ಬೊಬ್ಬರ ಪಾಲಿಗೆ 315 ಜನ. ಮೂರು ತಿಂಗಳಿಗೊಮ್ಮೆ ತಲಾ ಹತ್ತು ನಿಮಿಷದಂತೆ ಅಳೆದರೆ ವಾರಕ್ಕೆ ಬರೀ ನಾಲ್ಕು ಗಂಟೆ ಚಿಲ್ಲರೆ ಕೆಲಸ. ಕೋಟಿಗಳ ಲೆಕ್ಕ ಇಲ್ಲಿ ಸಟ್ಟನೆ ಮನುಷ್ಯರ ಅಳತೆಗೆ ಇಳಿಯುತ್ತದೆ. ಆದರೆ ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಂದು ಅವರ ವಾರ ಆಗಲೇ ತುಂಬಿದೆ, ಮತ್ತು ಸರ್ಕಾರದ ಕಡತದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಿದ್ದರು. ಅವರು ಕೇಳುತ್ತಿದ್ದದ್ದು ತಿಂಗಳಿಗೆ 15,000 ರೂಪಾಯಿ. ಕೊನೆಗೆ ಸಿಕ್ಕ ಭರವಸೆ 10,000.