ನೆಲಮಾಳಿಗೆಯ ಕತ್ತಲೆಕೋಣೆ

ಎರಡು ವರ್ಷಗಳ ಹಿಂದೆ ಸಿದ್ದಾಪುರದ ಅಜ್ಜನ ಮನೆಯ ಅಟ್ಟವನ್ನು ಗುಡಿಸುತ್ತಿದ್ದಾಗ ತಗಡಿನ ಬಿಸ್ಕತ್ತಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಅಜ್ಜ ತಮ್ಮ ಬಾಕ್ಸ್ ಕ್ಯಾಮರಾದಿಂದ ತೆಗೆದ ಚಿತ್ರಗಳ ನೆಗೆಟಿವ್‌ಗಳು ಅದರಲ್ಲಿದ್ದವು. ಲಕೋಟೆಯ ಮೇಲೆ ಅವರದೇ ಅಕ್ಷರದಲ್ಲಿ ೧೯೬೧ ಎಂದು ಬರೆದಿತ್ತು. ಒಂದರಲ್ಲಿ ಜೋಗ, ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿಯುವುದಕ್ಕೆ ಮುಂಚಿನ ತುಂಬು ಜೋಗ. ಇನ್ನೊಂದರಲ್ಲಿ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡ ಹೆಂಗಸು. ಆಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ತಮಾ, ಇದು ನನ್ನ ಆಯಿಯೇ ಇರಬೇಕು” ಎಂದಳು. ಮೂರನೆಯ ವರ್ಷದಲ್ಲಿಯೇ ತಾಯಿಯನ್ನು ಕಳೆದುಕೊಂಡವಳು ಅವಳು. ಆ ಮುಖದ ಒಂದು ಚಿತ್ರವೂ ಮನೆಯಲ್ಲಿ ಉಳಿದಿರಲಿಲ್ಲ. ನೆಗೆಟಿವಿನ ಒಂದು ಮೂಲೆಯನ್ನು ಆಗಲೇ ಬೂಷ್ಟು ತಿಂದಿತ್ತು.

ನಾನು ಮೊದಲು ಅವೆಲ್ಲವನ್ನೂ ಸ್ಕ್ಯಾನ್ ಮಾಡಿಸಿಟ್ಟೆ. ಆಯಿ ಫೋನಿನಲ್ಲಿ ಚಿತ್ರವನ್ನು ನೋಡುತ್ತಿದ್ದಂತೆಯೇ ಪರದೆ ಆರಿತು. “ಹೀಗೆ ಆರಿಹೋಗುವುದು ಬೇಡ, ಗೋಡೆಯ ಮೇಲೆ ನಿಲ್ಲುವಂಥದು ಬೇಕು” ಎಂದಳು. ಅಜ್ಜ ತೆಗೆದ ಚಿತ್ರವನ್ನು ಅಜ್ಜನ ಕಾಲದ ವಿಧಾನದಲ್ಲಿಯೇ ನನ್ನ ಕೈಯಾರೆ ಮೂಡಿಸಬೇಕೆಂಬ ಹಠ ನನಗೆ ಹುಟ್ಟಿದ್ದು ಆಗ.

ಶಿರಸಿಯ ಸಮೀಪದಲ್ಲಿರುವ ನಮ್ಮ ಮನೆ ಇಳಿಜಾರಿನಲ್ಲಿ ಕಟ್ಟಿದ್ದು. ಜಗುಲಿಯ ಕೆಳಗೆ, ಅರ್ಧ ಮಣ್ಣಿನೊಳಗೆ ಹುದುಗಿದಂತೆ, ಚಿರೆಕಲ್ಲಿನ ನೆಲಮಾಳಿಗೆಯೊಂದುಂಟು. ಅಲ್ಲಿದ್ದ ಅಡಿಕೆಯ ಚೀಲಗಳನ್ನು ಮೇಲಕ್ಕೆ ಸಾಗಿಸಿ, ಬಾಗಿಲಿಗೆ ಎರಡು ಪದರು ಕರಿಯ ಕಂಬಳಿಯನ್ನು ಇಳಿಬಿಟ್ಟೆ. ಕತ್ತಲೆಯನ್ನು ಪರೀಕ್ಷಿಸುವುದು ಸುಲಭ. ಒಳಗೆ ಹತ್ತು ನಿಮಿಷ ಕುಳಿತಿರಬೇಕು. ಕಣ್ಣು ಪಳಗಿದ ಮೇಲೆಯೂ ಕೈಯಲ್ಲಿರುವ ಬಿಳಿಯ ಕಾಗದ ಕಾಣದಿದ್ದರೆ ಆ ಕತ್ತಲೆ ಸಾಕು.

ಯಲ್ಲಾಪುರದಲ್ಲಿ ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರೊಬ್ಬರು ಮೂರು ತಟ್ಟೆಗಳನ್ನೂ ಕೆಂಪು ದೀಪವನ್ನೂ ಕೊಟ್ಟು, ಜೊತೆಗೆ ಒಂದು ಉಪಾಯವನ್ನೂ ಹೇಳಿಕೊಟ್ಟರು: “ದೀಪದ ಕೆಳಗೆ ಕಾಗದವಿಟ್ಟು, ಮೇಲೊಂದು ನಾಣ್ಯವಿಟ್ಟು ಐದು ನಿಮಿಷ ಬಿಡಿ. ಆಮೇಲೆ ಡೆವಲಪ್ ಮಾಡಿದಾಗ ನಾಣ್ಯದ ಗುರುತು ಮೂಡಿದರೆ ಆ ದೀಪ ಕೆಲಸಕ್ಕೆ ಬಾರದು.” ಕಪ್ಪುಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ತಾಗದು. ಈಗಿನ ಫಿಲ್ಮಿಗಾದರೋ ಎಲ್ಲ ಬಣ್ಣವೂ ತಾಗುವುದರಿಂದ ಅದಕ್ಕೆ ಪೂರ್ಣ ಕತ್ತಲೆಯೇ ಬೇಕು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದ ಅವರ ಕಾಲದಲ್ಲಿ ಸುಲಭವಾಗಿ ದೊರೆಯುತ್ತಿತ್ತಂತೆ. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ನಾನು ಇಂಗ್ಲೆಂಡಿನ ಇಲ್ಫರ್ಡ್ ಕಾಗದವನ್ನು ಬೆಂಗಳೂರಿನಿಂದ ತರಿಸಿಕೊಂಡೆ.

ಬೆಲೆಬಾಳುವ ಎನ್‌ಲಾರ್ಜರ್ ಇಲ್ಲದೆ ಇದೆಲ್ಲ ಸಾಧ್ಯವೇ ಎಂದು ಓದುಗರು ಕೇಳಬಹುದು. ಅಜ್ಜನ ನೆಗೆಟಿವ್‌ಗಳು ಆರು ಸೆಂಟಿಮೀಟರ್ ಅಗಲ, ಒಂಬತ್ತು ಸೆಂಟಿಮೀಟರ್ ಉದ್ದ. ಅಂಥದನ್ನು ನೇರವಾಗಿ ಕಾಗದದ ಮೇಲಿಟ್ಟು, ಗಾಜಿನಿಂದ ಒತ್ತಿ, ಮೇಲಿನ ಬಲ್ಬನ್ನು ಕೆಲವು ಕ್ಷಣ ಉರಿಸಿದರೆ ಸಾಕು. ಅದೇ ಅಳತೆಯ ಚಿತ್ರ ಬರುತ್ತದೆ. ಎಷ್ಟು ಕ್ಷಣವೆಂಬುದನ್ನು ತಿಳಿಯಲು ಒಂದು ತುಂಡು ಕಾಗದವನ್ನು ರಟ್ಟಿನಿಂದ ಮುಚ್ಚಿ, ಎರಡೆರಡು ಸೆಕೆಂಡಿಗೊಮ್ಮೆ ರಟ್ಟನ್ನು ಸರಿಸುತ್ತ ಹೋಗಿ ನೋಡಬೇಕು.

ಬೆಳಕು ತಾಗಿದ ಬೆಳ್ಳಿಯ ಲವಣ ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಎರಡನೆಯ ತಟ್ಟೆಯ ಹುಳಿನೀರು ಆ ಕ್ರಿಯೆಯನ್ನು ತಡೆಯುತ್ತದೆ. ಮೂರನೆಯದರ ಹೈಪೊ, ಬೆಳಕು ತಾಗದೆ ಉಳಿದ ಲವಣವನ್ನು ಕರಗಿಸುತ್ತದೆ. ಹೈಪೊವಿನ ಈ ಗುಣವನ್ನು ೧೮೧೯ರಲ್ಲಿ ಕಂಡುಹಿಡಿದವನು ಜಾನ್ ಹರ್ಷೆಲ್. ದ್ರಾವಣಗಳಿಗೆ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ಬೇಸಗೆಯಲ್ಲಿ ನಾನು ತಟ್ಟೆಗಳನ್ನು ಅಬ್ಬಿಯ ತಣ್ಣೀರು ತುಂಬಿದ ಅಗಲವಾದ ಪಾತ್ರೆಯಲ್ಲಿರಿಸುತ್ತೇನೆ. ಒಮ್ಮೆ ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡಿಗೆಮನೆಗೆ ಹೋಗಕೂಡದು. ಮಕ್ಕಳ ಕೈಗೂ ಸಿಗಕೂಡದು. ಬಳಸಿದ ಹೈಪೊವಿನಲ್ಲಿ ಬೆಳ್ಳಿಯಿರುವುದರಿಂದ ಅದನ್ನೂ ತೊಳೆದ ಮೊದಲ ನೀರನ್ನೂ ತೋಟಕ್ಕೆ ಚೆಲ್ಲದೆ ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವವರಿಗೆ ಒಪ್ಪಿಸುವುದು ಲೇಸು.

ಆ ರಾತ್ರಿ ಕೆಂಪು ಬೆಳಕಿನಲ್ಲಿ ಮೊದಲು ಸೀರೆಯ ಅಂಚು ಮೂಡಿತು, ಆಮೇಲೆ ಕೂದಲು, ಕೊನೆಗೆ ಕಣ್ಣು. ಆಯಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳಿಗೆ ಬೇಗ ಕೊಡಬೇಕೆಂಬ ಆತುರದಲ್ಲಿ ನಾನು ಚಿತ್ರವನ್ನು ಹತ್ತೇ ನಿಮಿಷ ತೊಳೆದು ಒಣಗಿಸಿ ಚೌಕಟ್ಟು ಹಾಕಿಸಿದೆ. ಎರಡು ತಿಂಗಳಲ್ಲಿ ಆ ಕೆನ್ನೆಯ ಮೇಲೆ ಹಳದಿಯ ಕಲೆ ಎದ್ದಿತು! ಕಾಗದದಲ್ಲಿ ಉಳಿದ ಹೈಪೊ ಬೆಳ್ಳಿಯನ್ನೇ ಕೆಡಿಸುತ್ತದೆಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಆತುರದಲ್ಲಿ ನೆನಪಿಗೆ ಬರಲಿಲ್ಲ. ಆಯಿ ಬೈಯಲಿಲ್ಲ. “ಇನ್ನೊಂದು ಮಾಡಲು ಬರುತ್ತದೆಯಷ್ಟೆ?” ಎಂದಳು.

ಎರಡನೆಯ ಪ್ರತಿಯನ್ನು ಮನೆಯ ಹಿಂದೆ ಗುಡ್ಡದಿಂದ ಅಡಿಕೆಯ ದಬ್ಬೆಯಲ್ಲಿ ಹರಿದುಬರುವ ಅಬ್ಬಿಯ ನೀರಿನಲ್ಲಿ ಒಂದು ಗಂಟೆ ತೊಳೆದೆ. ಈ ಬಗೆಯ ಕಾಗದಕ್ಕೆ ಅಷ್ಟು ಬೇಕೇ ಬೇಕು. ಪೇಟೆಯಲ್ಲಿ ನಲ್ಲಿಯ ನೀರಿಗೆ ಲೆಕ್ಕವಿಡಬೇಕಾಗುವ ಕೆಲಸ ಮಲೆನಾಡಿನ ಮನೆಯಲ್ಲಿ ತಾನೇ ತಾನಾಗಿ ನಡೆಯುತ್ತದೆ. ಆ ಚಿತ್ರ ಈಗ ಜಗುಲಿಯ ಗೋಡೆಯ ಮೇಲಿದೆ. ವರ್ಷ ಕಳೆದರೂ ಕಲೆಯಿಲ್ಲ.

ಮಲೆನಾಡು ಕತ್ತಲೆಯನ್ನೂ ನೀರನ್ನೂ ಧಾರಾಳವಾಗಿ ಕೊಟ್ಟಿದೆ. ಅದರ ಥಂಡಿಯೇ ನೆಗೆಟಿವಿಗೆ ಶತ್ರು. ಫಿಲ್ಮಿನ ಮೇಲಿನ ಜೆಲಟಿನ್ ಬೂಷ್ಟಿಗೆ ಆಹಾರ. ಬೂಷ್ಟು ಹಿಡಿದ ನೆಗೆಟಿವನ್ನು ನೀರಿನಿಂದ ಮಾತ್ರ ತೊಳೆಯಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿ, ಚಿತ್ರವೂ ಅದರೊಡನೆ ಹೋದೀತು. ಒಣಗಿದ ಮೆತ್ತನೆಯ ಕುಂಚದಿಂದ ಹಗುರಾಗಿ ಸವರಿ, ಕಾಗದದ ಲಕೋಟೆಯಲ್ಲಿ ಹಾಕಿ, ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿರಿಸಿ.

ನೆಗೆಟಿವಿನ ‘ನೆಗೆಟಿವ್’ ಎಂಬ ಹೆಸರೂ ಹರ್ಷೆಲನದೇ. ಗಣಿತದಲ್ಲಿ ಆ ಮಾತಿಗೆ ಕನ್ನಡದಲ್ಲಿ ‘ಋಣ’ ಎನ್ನುತ್ತೇವೆ. ಅಟ್ಟದ ಡಬ್ಬಿಗಳಲ್ಲಿ ಬಿದ್ದಿರುವುದು ನಿಜಕ್ಕೂ ಅದೇ, ನಾವು ಇನ್ನೂ ತೀರಿಸದ ಋಣ. ಓದುಗರು ಬರುವ ಮಳೆಗಾಲಕ್ಕೆ ಮುಂಚೆ ತಮ್ಮ ಮನೆಯ ಅಟ್ಟವನ್ನೂ ಒಮ್ಮೆ ಹತ್ತಿ ನೋಡಲಿ.