ಡಬ್ಬಿ ತಿರುವಿ ನೋಡಿ: ಮುಖದ ಕ್ರೀಮು ಮತ್ತು ಪಾದರಸ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಡೆ ಮದುವೆ ಗೊತ್ತಾದ ಮನೆಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಮಾತು ಬಂದೇ ಬರುತ್ತದೆ. ‘ಎಂಟು ದಿನದಾಗ ಬೆಳ್ಳಗ ಆಗ್ತಿ ನೋಡವಾ’ ಎಂದು ಯಾರೋ ಸಣ್ಣದೊಂದು ಡಬ್ಬಿ ಕೈಗಿಡುತ್ತಾರೆ.

ನಂಬಿಕೆ: ಕ್ರೀಮು ಕೆಡಬಾರದೆಂದು ಒಂದಿಷ್ಟು ಪಾದರಸ ಹಾಕಿರುತ್ತಾರೆ, ಕಾನೂನೂ ಅದಕ್ಕೆ ಒಪ್ಪಿದೆ.

ಸತ್ಯ: ಈ ಮಾತು ಮುಖದ ಕ್ರೀಮಿಗೆ ಅನ್ವಯಿಸುವುದೇ ಇಲ್ಲ. 2020ರ ಸೌಂದರ್ಯವರ್ಧಕ ನಿಯಮಗಳು ಕಣ್ಣಿನ ಸುತ್ತ ಮಾತ್ರ ಹಚ್ಚುವ ವಸ್ತುಗಳಿಗೆ, ಅದೂ ಕೆಡದಂತೆ ಕಾಯುವುದಕ್ಕಾಗಿ, ಕಿಲೋಗೆ 70 ಮಿಲಿಗ್ರಾಂವರೆಗೆ ಪಾದರಸ ಬಿಟ್ಟಿದ್ದವು. ಕಣ್ಣಿಗೆ ಹಚ್ಚುವುದರಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ದೃಷ್ಟಿಗೇ ಕುತ್ತು ಎಂಬುದು ಕಾರಣ. ಉಳಿದ ಯಾವುದಕ್ಕೂ ಬೇಕೆಂದು ಹಾಕುವಂತಿಲ್ಲ; ತಾನಾಗಿ ಸೇರಿಕೊಂಡದ್ದು ಕೂಡ ಕಿಲೋಗೆ 1 ಮಿಲಿಗ್ರಾಂ ದಾಟಬಾರದು. ಪಾದರಸದ ಮಿನಮಾಟಾ ಒಪ್ಪಂದಕ್ಕೆ ಸೇರಿದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಕೂಡಿ, ಕಣ್ಣಿನ ವಸ್ತುಗಳ ವಿನಾಯಿತಿಯನ್ನೂ 2025ಕ್ಕೆ ಮುಗಿಸಲು ತೀರ್ಮಾನಿಸಿದವು. ಬಿಳುಪಿನ ಕ್ರೀಮಿಗೆ ಪಾದರಸ ಬೆರೆಸುವವರ ಉದ್ದೇಶವೇ ಬೇರೆ: ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ಅದು ತಡೆಯುತ್ತದೆ.

ನಂಬಿಕೆ: ಉರಿ, ತುರಿಕೆ ಇಲ್ಲದಿದ್ದರೆ ಅಪಾಯವಿಲ್ಲ.

ಸತ್ಯ: ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದೇ ಬಗೆಯ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಮುಖ ಹೊಳೆಯುತ್ತಿರುವಾಗಲೇ ಕಾಲು ಬಾತುಕೊಳ್ಳುತ್ತದೆ, ಮೂತ್ರ ನೊರೆನೊರೆಯಾಗುತ್ತದೆ. ಹಚ್ಚಿಕೊಂಡವರಿಗಷ್ಟೇ ಅಲ್ಲ, ಅವರ ಟವೆಲ್ಲು ಬಳಸುವ, ಕೆನ್ನೆಗೆ ಕೆನ್ನೆ ತಾಗಿಸುವ ಮಗುವಿಗೂ ಪಾದರಸ ತಲುಪುತ್ತದೆ.

ನಂಬಿಕೆ: ಅಂಗಡಿಯಲ್ಲಿ ಸಿಗುತ್ತದೆ ಎಂದರೆ ಸರ್ಕಾರ ಪರೀಕ್ಷೆ ಮಾಡಿರುತ್ತದೆ.

ಸತ್ಯ: ಅಂಗಡಿಗೆ ಬಂದದ್ದೆಲ್ಲ ಪರೀಕ್ಷೆಯಾಗಿ ಬಂದದ್ದಲ್ಲ; ಡಬ್ಬಿ ತಿರುವಿ ನೋಡಿ. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇರಲೇಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸವೂ ನೋಂದಣಿ ಸಂಖ್ಯೆಯೂ ಬೇಕು. ಓದಲು ಬಾರದ ಲಿಪಿ, ಒಂದು ಚಂದದ ಮುಖ ಇಷ್ಟೇ ಇದ್ದರೆ ಅದು ಕಳ್ಳದಾರಿಯ ಸರಕು ಎಂದೇ ತಿಳಿಯಿರಿ. ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’ ಎಂಬ ಪದ ಕಂಡರಂತೂ ಕೊಳ್ಳಲೇಬೇಡಿ. ಆದರೆ ಪಾದರಸ ಹಾಕುವವರು ಅದನ್ನು ಬರೆಯುವುದೇ ಅಪರೂಪ.

ಈಗಾಗಲೇ ಹಚ್ಚುತ್ತಿದ್ದರೆ ಇಂದೇ ನಿಲ್ಲಿಸಿ. ಡಬ್ಬಿ ಎಸೆಯಬೇಡಿ, ಅದನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ, ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳಿಗೆ ದೂರು ಕೊಡಿ.