ಗೈಸ್ಲರ್ ಗೋಡೆಯ ಬುಡದಲ್ಲೊಂದು ಸುತ್ತು

ಇಟಲಿಯ ಉತ್ತರದಂಚಿನ ದಕ್ಷಿಣ ಟೈರೋಲಿನಲ್ಲಿ ಫಿಲ್ನೋಸ್ ಎಂಬ ಕಣಿವೆಯಿದೆ. ಜರ್ಮನ್ ಮಾತಾಡುವ ಊರಿನವರಿಗೆ ಅದು ಫಿಲ್ನೋಸ್, ಇಟಾಲಿಯನ್ನರಿಗೆ ಫುನೆಸ್. ಕಣಿವೆಯ ಕೊನೆಯಲ್ಲಿ ಹುಲ್ಲುಗಾವಲು, ಅದರಾಚೆ ಕಪ್ಪು ಕಾಡು, ಕಾಡಿನ ನೆತ್ತಿಯಿಂದ ನೆಟ್ಟಗೆ ಎದ್ದ ಬೂದುಗಲ್ಲಿನ ಶಿಖರಗಳ ಸಾಲು. ಇವೇ ಗೈಸ್ಲರ್ ಶಿಖರಗಳು. ಸಾಸ್ ರಿಗೈಸ್ ಮತ್ತು ಫುರ್ಕೆಟ್ಟಾ, ಎರಡರ ಎತ್ತರವೂ 3,025 ಮೀಟರ್. ಫುರ್ಕೆಟ್ಟಾದ ಉತ್ತರದ ಗೋಡೆಯನ್ನು ಏರಲು ಮನುಷ್ಯನಿಗೆ 1925ರವರೆಗೆ ಸಾಧ್ಯವಾಗಿರಲಿಲ್ಲ. ಏರುವ ಹಂಬಲವಿಲ್ಲದ ನನ್ನಂಥವರಿಗೆ ಅದೇ ಗೋಡೆಯ ಬುಡದಲ್ಲಿ ಒಂದು ಸುಲಭದ ಹಾದಿಯುಂಟು. ಡ್ರೆಸ್ಡೆನ್ನಿನ ಪರ್ವತಾರೋಹಿ ಸಂಘದ ಮುಂದಾಳು ಅಡಾಲ್ಫ್ ಮುಂಕೆಲ್ ಹೆಸರಿನ ಹಾದಿ ಅದು.

ಹೊರಡುವುದು ಸಾನ್ಸ್ ಎಂಬಲ್ಲಿಂದ. ಅಲ್ಲೇ 1,680 ಮೀಟರ್ ಎತ್ತರದಲ್ಲಿರುತ್ತೇವೆ, ಹಾಗಾಗಿ ಇನ್ನು ಏರಬೇಕಾದದ್ದು ಸ್ವಲ್ಪವೇ. ಇಡೀ ಸುತ್ತು ಸುಮಾರು ಒಂಬತ್ತು ಕಿಲೋಮೀಟರ್. ನಿಂತು ನೋಡುತ್ತ, ಉಂಡು, ಆರಾಮವಾಗಿ ನಡೆದರೆ ಅರ್ಧ ದಿನ ಬೇಕು. ಮಕ್ಕಳೂ ನಡೆಯುವ ಹಾದಿಯಿದು. ಆದರೆ ಬೇರು, ಕಲ್ಲು ಕಾಲಿಗೆ ಸಿಗುವುದರಿಂದ ಬೂಟು ಗಟ್ಟಿಯಿರಲಿ.

ತೊರೆ ದಾಟಿ ಕಾಡು ಹೊಕ್ಕರೆ ಲಾರ್ಚ್ ಮತ್ತು ಪೈನ್ ಮರಗಳ ನಡುವೆ ಏರು. ಕಾಡು ತೆರೆದುಕೊಂಡಾಗಲೆಲ್ಲ ಗೋಡೆ ಹತ್ತಿರ ಬಂದಿರುತ್ತದೆ. ಉತ್ತರಕ್ಕೆ ಮುಖಮಾಡಿದ ಗೋಡೆಯಾದ್ದರಿಂದ ಹಗಲಿನ ಬಹುಪಾಲು ಅದು ತನ್ನ ನೆರಳಲ್ಲೇ ಇರುತ್ತದೆ. ಮೇಲಿಂದ ಉದುರಿದ ಬಿಳಿಗಲ್ಲಿನ ರಾಶಿ ಹಾದಿಯವರೆಗೂ ಚಾಚಿಕೊಂಡಿದೆ. ಅದರಲ್ಲೊಂದು ತುಂಡನ್ನು ಕೈಗೆತ್ತಿಕೊಳ್ಳಿ. ಸುಮಾರು 24 ಕೋಟಿ ವರ್ಷದ ಹಿಂದೆ ಇದು ಟೆಥಿಸ್ ಎಂಬ ಬೆಚ್ಚನೆಯ ಸಾಗರದ ತಳವಾಗಿತ್ತು, ಸಾಗರದ ಜೀವಿಗಳು ಕಟ್ಟಿದ ದಿಬ್ಬವಾಗಿತ್ತು. ಆ ಸಾಗರ ಮುಚ್ಚಿಹೋಗುತ್ತ ಆಲ್ಪ್ಸ್ ಎದ್ದಿತು, ಇನ್ನೊಂದು ಕೊನೆಯಲ್ಲಿ ನಮ್ಮ ಹಿಮಾಲಯವೂ ಎದ್ದಿತು. ಈ ಕಲ್ಲು ಸಾಮಾನ್ಯ ಸುಣ್ಣಕಲ್ಲಿನಂತೆ ಆಮ್ಲಕ್ಕೆ ಬುರುಗು ಕಕ್ಕುವುದಿಲ್ಲವೆಂದು ಫ್ರಾನ್ಸಿನ ಭೂವಿಜ್ಞಾನಿ ದೊಲೊಮ್ಯೂ 1791ರಲ್ಲಿ ಬರೆದ. ಕಲ್ಲಿಗೂ, ಕಡೆಗೆ ಡೊಲೊಮೈಟ್ಸ್ ಎಂಬ ಈ ಇಡೀ ಪರ್ವತಶ್ರೇಣಿಗೂ ಅವನ ಹೆಸರೇ ನಿಂತಿತು. ಈ ಹಾದಿ ಸಾಗುವ ಪುಯೆಟ್ಸ್-ಗೈಸ್ಲರ್ ಪ್ರಕೃತಿ ಉದ್ಯಾನದಲ್ಲಿ ಡೊಲೊಮೈಟ್ಸ್‌ನ ಬಗೆಬಗೆಯ ಪದರಗಳೆಲ್ಲ ಒಟ್ಟಿಗೆ ಕಾಣಸಿಗುತ್ತವೆ. ಭೂವಿಜ್ಞಾನಿಗಳು ಇಲ್ಲಿಗೆ ಮತ್ತೆಮತ್ತೆ ಬರುವುದು ಅದಕ್ಕೇ.

ಗ್ಶ್ನಾಗೆನ್‌ಹಾರ್ಟ್ ಮತ್ತು ಗೈಸ್ಲರ್ ಆಲ್ಮ್ ತಲುಪುವ ಹೊತ್ತಿಗೆ ಎರಡು ಸಾವಿರ ಮೀಟರ್ ಎತ್ತರದ ಸುಮಾರಿನಲ್ಲಿರುತ್ತೇವೆ. ಆಲ್ಮ್ ಎಂದರೆ ಬೇಸಿಗೆಯಲ್ಲಿ ದನಕರು ಮೇಯಲು ಬರುವ ಮೇಲಿನ ಗೋಮಾಳ, ಅಲ್ಲೇ ಮರದ ಮನೆ, ಅಡುಗೆ. ರೊಟ್ಟಿಯ ಚೂರಿನಿಂದ ಕಟ್ಟಿದ ಉಂಡೆ ಕ್ನ್ಯೋಡೆಲ್, ಹರಿದು ಸಕ್ಕರೆ ಉದುರಿಸಿದ ದಪ್ಪ ದೋಸೆಯಂಥ ಕೈಸರ್‌ಶ್ಮಾರ್ನ್. ಕಣ್ಣ ಸುತ್ತ ಕಪ್ಪು ಉಂಗುರವಿರುವ ‘ಕನ್ನಡಕದ ಕುರಿ’ ಈ ಕಣಿವೆಯದೇ ತಳಿ, ಅಳಿವಿನಂಚಿನಿಂದ ಹಿಂದೆ ಬಂದದ್ದು.

ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಬೆಳೆದದ್ದು ಈ ಕಣಿವೆಯ ಕೆಳಗಿನ ಊರಲ್ಲಿ. ತಂದೆ ಅಲ್ಲೇ ಶಾಲಾ ಮೇಷ್ಟ್ರು. ಐದನೇ ವಯಸ್ಸಿಗೇ ಹುಡುಗ ಸಾಸ್ ರಿಗೈಸ್ ಹತ್ತಿದ. ಈ ಗೋಡೆಗಳಲ್ಲಿ ಜೊತೆಗೇ ಹತ್ತಿ ಪಳಗಿದ ತಮ್ಮ ಗುಂಟರ್ 1970ರಲ್ಲಿ ನಂಗಾ ಪರ್ಬತದ ತುದಿ ಮುಟ್ಟಿ ಇಳಿಯುವಾಗ ತೀರಿಕೊಂಡ. ಅಣ್ಣ 1986ರ ಹೊತ್ತಿಗೆ ಎಂಟು ಸಾವಿರ ಮೀಟರ್ ಮೀರಿದ ಹದಿನಾಲ್ಕೂ ಶಿಖರಗಳನ್ನು ಏರಿದ ಮೊದಲಿಗನಾದ. ಅದೆಲ್ಲ ಗೊತ್ತಿದ್ದು ಇಲ್ಲಿ ಕೂತರೆ ಎದುರಿನ ಬಂಡೆ ಬರಿಯ ನೋಟವಾಗಿ ಉಳಿಯುವುದಿಲ್ಲ. ಇಬ್ಬರು ಹುಡುಗರ ಕೈಗೆ ಯಾವ ಬಿರುಕು ಸಿಕ್ಕಿತ್ತೋ ಎಂದು ಕಣ್ಣು ಅದನ್ನೇ ಹುಡುಕತೊಡಗುತ್ತದೆ.

ಆಲ್ಮ್‌ನಿಂದ ಆದಷ್ಟೂ ತಡವಾಗಿ ಹೊರಡಿ. ಬೇಸಿಗೆಯ ಸಂಜೆ ಪಡುವಣದ ಬಿಸಿಲು ಓರೆಯಾಗಿ ಬಿದ್ದು, ದಿನವಿಡೀ ಬೂದಿಯಂತಿದ್ದ ಕಲ್ಲು ಮೊದಲು ಹಳದಿ, ಆಮೇಲೆ ದಾಳಿಂಬೆಯ ಬಣ್ಣ ತಾಳುತ್ತದೆ. ಕಾಡಿನ ಇಳಿಜಾರಿನಲ್ಲಿ ಸಾನ್ಸ್‌ಗೆ ಮರಳುವಾಗ ಕೊಂಬೆಗಳ ನಡುವೆ ಆ ಕೆಂಪು ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುತ್ತದೆ.